ಶ್ರೀಮಂತ ಚಾರಣ ಮೀಮಾಂಸೆ

ಕಾಲಿದ್ದವರೆಲ್ಲ ನಡೆಯುತ್ತಾರೆ, ನಡೆಯುವವರೆಲ್ಲ ಚಾರಣಿಗರಲ್ಲ. ಈ ಗಹನ ವಿಷಯದಲ್ಲಿ ಪೂರ್ವಸೂರಿಗಳು ತೋರಿದ ಉದಾಸೀನಕ್ಕೆ ಮನನೊಂದು ಪ್ರಸ್ತುತ ಶಾಸ್ತ್ರಕ್ಕೆ ಕೈಹಾಕಲಾಗಿದೆ. ಪ್ರಥಮ ಸೂತ್ರ: ವಾಹನವಿದ್ದೂ ನಡೆಯುವವನು ಚಾರಣಿಗ, ಇಲ್ಲದ್ದಕ್ಕೆ ನಡೆಯುವವನು ಪಾದಚಾರಿ. ಮೊದಲನೆಯವನಿಗೆ ಲೈಕು ಸಲ್ಲುತ್ತದೆ, ಎರಡನೆಯವನಿಗೆ ಹಾರನ್ನು.

ಪ್ರಮಾಣವಿಲ್ಲದ ಸೂತ್ರ ನಿಲ್ಲುವುದಿಲ್ಲವಾದ್ದರಿಂದ ಮುಳ್ಳಯ್ಯನಗಿರಿಗೆ ಹೋಗೋಣ. 1,930 ಮೀಟರಿನ ಈ ಗಿರಿ ಕರ್ನಾಟಕದಲ್ಲೇ ಎತ್ತರದ್ದು. ತುದಿಯ ಹತ್ತಿರದವರೆಗೂ ರಸ್ತೆಯಿದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಗದ್ದುಗೆ. ಚಾರಣಿಗ ಇದನ್ನೆಲ್ಲ ಬಲ್ಲ. ಬಲ್ಲದ್ದರಿಂದಲೇ ಸರ್ಪದಾರಿಯ ಬುಡದಲ್ಲಿ ಗಾಡಿಯಿಂದಿಳಿದು, ಹುಲ್ಲಿನ ಏರಿನಲ್ಲಿ ಏದುಸಿರು ಬಿಡುತ್ತ ಹತ್ತಿ, ಕಾರಿನಲ್ಲಿ ಬಂದ ಅಜ್ಜಿಯೊಬ್ಬರ ಪಕ್ಕದಲ್ಲಿ ನಿಂತು ಅವರು ನೋಡುತ್ತಿರುವ ಮಂಜನ್ನೇ ನೋಡುತ್ತಾನೆ. ಅಜ್ಜಿ ಸ್ವೆಟರು ಹಾಕಿಕೊಂಡು ಚುರುಮುರಿ ತಿನ್ನುತ್ತಿರುತ್ತಾರೆ. ದರ್ಶನದಲ್ಲಿ ಭೇದವಿಲ್ಲ, ಖರ್ಚಿನಲ್ಲಿದೆ.

ಕುದುರೆಮುಖದ ಪ್ರಮಾಣ ಇನ್ನೂ ಸೂಕ್ಷ್ಮ. ಅಲ್ಲಿ ಮುಳ್ಳೋಡಿಯವರೆಗಿನ ಹಾದಿ ಊರವರು ದಿನಸಿ ತರುವ, ಮಕ್ಕಳು ಶಾಲೆಗೆ ಹೋಗುವ, ಅಂದರೆ ಉಪಯೋಗವುಳ್ಳ ಹಾದಿ. ಅಷ್ಟಕ್ಕೆ ಚಾರಣಿಗ ದುಡ್ಡು ಕೊಟ್ಟು ಜೀಪು ಹತ್ತುತ್ತಾನೆ. ಅದರಾಚೆ ಯಾರಿಗೂ ಯಾವ ಕೆಲಸವೂ ಇಲ್ಲದ ಕಡೆಗೆ ನಡಿಗೆ ಶುರು. ಇದರಿಂದ ದ್ವಿತೀಯ ಸೂತ್ರ ನಿಷ್ಪನ್ನವಾಗುತ್ತದೆ: ನಿರುಪಯೋಗವೇ ಚಾರಣದ ಪ್ರಾಣ. ಸೌದೆ ಹೊರೆ ಹೊತ್ತು ಅದೇ ಗುಡ್ಡ ಹತ್ತುವ ಹೆಂಗಸು ಎಷ್ಟೇ ವೇಗವಾಗಿ ಹತ್ತಲಿ, ಮನೆಯಲ್ಲಿ ಒಲೆ ಉರಿಯಬೇಕೆಂಬ ಸ್ವಾರ್ಥವಿರುವುದರಿಂದ ಆಕೆಗೆ ಪದಕ ಕೊಡಲಾಗದು.

ಇನ್ನು ಪರಂಪರೆ. ಆಲ್ಪ್ಸ್ ಪರ್ವತಗಳಲ್ಲಿ ಹಿಂದೆ ಹತ್ತುತ್ತಿದ್ದವರು ಬೇಟೆಗಾರರು, ಸ್ಫಟಿಕ ಹೆಕ್ಕುವವರು. ಜಿನೀವಾದ ಸಿರಿವಂತ ವಿದ್ವಾಂಸ ಸೋಸ್ಯೂರ್, ಮಾಂ ಬ್ಲಾಂ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದ. 1786ರಲ್ಲಿ ಸ್ಫಟಿಕ ಹೆಕ್ಕುವ ಬಾಲ್ಮಾ, ವೈದ್ಯ ಪಕಾರ್ ಇಬ್ಬರೂ ಹತ್ತಿಯೇಬಿಟ್ಟರು. ಮರುವರ್ಷ ಸೋಸ್ಯೂರ್ ಹೊರಟ: ಹದಿನೆಂಟು ಮಾರ್ಗದರ್ಶಿಗಳು, ಜೊತೆಗೆ ಒಬ್ಬ ಖಾಸಾ ಆಳು. ಸೋಸ್ಯೂರನಿಗಾದರೂ ಮೇಲೆ ವಾಯುಭಾರ ಅಳೆಯುವ ಕೆಲಸವಿತ್ತು. ಆ ಮಟ್ಟಿಗೆ ಅವನನ್ನು ಅಪಕ್ವ ಚಾರಣಿಗನೆಂದೇ ಎಣಿಸಬೇಕು. 1857ರಲ್ಲಿ ಲಂಡನ್ನಿನ ಉಳ್ಳವರು ಆಲ್ಪೈನ್ ಕ್ಲಬ್ ಕಟ್ಟಿದರು. 1863ರಲ್ಲಿ ಥಾಮಸ್ ಕುಕ್ ಪ್ರವಾಸಿಗರ ತಂಡವನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಟೆಂಪೊ ಟ್ರಾವೆಲರ್ ಈ ವಂಶದ್ದೇ ಕುಡಿ.

ಆ ಟೆಂಪೊದಲ್ಲಿ ಕುಳಿತ ಸಾಧಕನನ್ನು ಸ್ವಲ್ಪ ಗಮನಿಸಿ. ಎದುರು ಬೀದಿಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪನ್ನು ಆ್ಯಪಿನಲ್ಲಿ ತರಿಸುವವನು ಈತ. ಈಗ ಅವನ ಬಳಿ ನೀರು ಸೋಕದ ಬೂಟು, ಬೇಗ ಒಣಗುವ ಪ್ಯಾಂಟು, ಮಡಚುವ ಊರುಗೋಲು, ಹಣೆದೀಪ ಎಲ್ಲ ಇವೆ. ಬೆಲೆಚೀಟಿ ಮಾತ್ರ ಊರುಗೋಲಿನಿಂದ ಇನ್ನೂ ಬಿಚ್ಚಿಲ್ಲ. ಗುರಿ ಕುಮಾರ ಪರ್ವತ, 1,712 ಮೀಟರ್. ಸೋಮವಾರಪೇಟೆ ಕಡೆಯಿಂದ ದಾರಿ ಕಮ್ಮಿ. ಆದಕಾರಣ ಕುಕ್ಕೆ ಕಡೆಯ ದಾರಿಗೇ ಮಾನ. ನಡುವೆ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಿಸಿ ಅನ್ನ, ಸಾರು. ಮನೆಯಲ್ಲಿ ಅಮ್ಮ ಮಾಡಿದ ಸಾರಿಗೆ ಮೂಗು ಮುರಿಯುವವನು ಇಲ್ಲಿ ಮೂರನೇ ಸಲ ಕೈಯೊಡ್ಡುತ್ತಾನೆ. ಹಸಿವು ಎಂಬ ಪದಾರ್ಥವನ್ನು ಕಾಸು ಕೊಟ್ಟು ಕೊಂಡವರಿಗಷ್ಟೇ ಈ ರುಚಿಯ ಯೋಗ.

ಪೂರ್ವಪಕ್ಷದವರು ಆಕ್ಷೇಪಿಸಬಹುದು: ಇದು ಆರೋಗ್ಯಕ್ಕಾಗಿ. ಹಾಗಿದ್ದರೆ ಬಿಎಂಟಿಸಿ ನಿಲ್ದಾಣದವರೆಗೆ ದಿನಾ ನಡೆದರೆ ಸಾಲದೇ? ಏಕಾಂತಕ್ಕಾಗಿ ಎಂಬ ವಾದವೂ ಇದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಏಕಾಂತಕ್ಕೆ ಎಷ್ಟು ಜನ ಬಂದರೆಂದರೆ, ಕಾಡಿನಲ್ಲಿ ಸರತಿ ಸಾಲು ನಿಂತಿತು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಸರ್ಕಾರ ಚಾರಣವನ್ನೇ ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಬೇಕಾಯಿತು. ಕಾಡಿಗೂ ಉಸಿರಾಡಲು ಬಿಡುವು ಬೇಕಲ್ಲ. ತಮಾಷೆ ಬಿಟ್ಟು ಹೇಳುವುದಾದರೆ ಇದು ಒಳ್ಳೆಯ ನಿರ್ಧಾರ. ನಮ್ಮ ಸಿದ್ಧಾಂತಕ್ಕೂ ಅದರಿಂದ ಬಲವೇ ಬಂದಿದೆ: ಸೀಟು ಕಮ್ಮಿಯಾದಷ್ಟೂ ಬೆಟ್ಟ ಎತ್ತರವಾಗುತ್ತದೆ.

ಶಾಸ್ತ್ರದೆದುರು ಯಾರೂ ಸಮರಲ್ಲ ಎಂಬ ಮಾತಿಗೆ ಅಪವಾದ ಇಂಬಳ. ಸಾವಿರದ ಬೂಟಾಗಲಿ ಹವಾಯಿ ಚಪ್ಪಲಿಯಾಗಲಿ ಅದಕ್ಕೆ ಒಂದೇ. ಬೆರಳ ಸಂದಿಗೆ ನುಸುಳಿ ಕಚ್ಚಿದ್ದು ತಿಳಿಯುವುದು ಕಾಲುಚೀಲ ಕೆಂಪಾದ ಮೇಲೆಯೇ. ಆದ್ದರಿಂದ ಮಳೆಯ ಹಸಿ ಆರುವ ಮುಂಚೆ ಘಟ್ಟಕ್ಕೆ ಹೊರಡುವ ವಾಚಕರಲ್ಲಿ ಒಂದು ವಿನಂತಿ: ಹೊಗೆಸೊಪ್ಪು, ಸುಣ್ಣ ಕಲಸಿದ ನೀರನ್ನು ಬೂಟಿಗೂ ಕಾಲುಚೀಲಕ್ಕೂ ಬಳಿದುಕೊಳ್ಳಿ, ಜೇಬಿನಲ್ಲಿ ಒಂದು ಚಿಟಿಕೆ ಉಪ್ಪಿರಲಿ. ಈ ಇಡೀ ಪ್ರಬಂಧದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ.