ಡೊಂಬಿವಲಿಯ ಡ್ರಾಯರ್‌ನಿವಾಸಿ

ಡೊಂಬಿವಲಿ ಪೂರ್ವದ ಫ್ಲ್ಯಾಟೊಂದರಲ್ಲಿ, ಟಿವಿ ಶೋಕೇಸಿನ ಕೆಳಗಿನ ಡ್ರಾಯರಿನಲ್ಲಿ, ಗಣಪತಿ ಅಲಂಕಾರದ ಸೀರಿಯಲ್ ಸೆಟ್ಟು ಮತ್ತು ಹಳೆಯ ರಿಮೋಟುಗಳ ನಡುವೆ ರಾಸ್ಪ್‌ಬೆರಿ ಪೈ 4 ವಾಸವಾಗಿದ್ದಾರೆ. ಹೆಚ್ಚುಕಡಿಮೆ ಕ್ರೆಡಿಟ್ ಕಾರ್ಡಿನಷ್ಟೇ ಅಗಲದ ಈ ಕಂಪ್ಯೂಟರನ್ನು ನಮ್ಮ ಪ್ರತಿನಿಧಿ ಪವರ್‌ಬ್ಯಾಂಕಿಗೆ ಸಿಕ್ಕಿಸಿ ಎಬ್ಬಿಸಿ ಮಾತಾಡಿಸಿದರು.

ನಮಸ್ಕಾರ ಪೈಗಳೇ. ಹೇಗಿದ್ದೀರಿ?

ಗಣೇಶ ಚತುರ್ಥಿಯ ಶುಭಾಶಯಗಳು.

ಹಬ್ಬ ಮುಗಿದು ತಿಂಗಳುಗಳೇ ಆದವಲ್ಲ!

ಇರಬಹುದು. ನನ್ನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಯಾವ ಹೊತ್ತಿಗೆ ಮಲಗಿದೆನೋ, ಎದ್ದಾಗಲೂ ಅದೇ ಹೊತ್ತು. ಇಂಟರ್ನೆಟ್ ಸಿಕ್ಕಿದರೆ ಮಾತ್ರ ತಿದ್ದಿಕೊಳ್ಳುತ್ತೇನೆ.

ನಿಮ್ಮ ಮೂಲ?

ಕೇಂಬ್ರಿಡ್ಜ್. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಓದಲು ಬರುವ ಹುಡುಗರಿಗೆ ಪ್ರೋಗ್ರಾಮ್ ಬರೆದ ಅಭ್ಯಾಸವೇ ಇಲ್ಲವಲ್ಲ ಎಂದು ಎಬನ್ ಅಪ್ಟನ್ ಮತ್ತು ಗೆಳೆಯರು ಚಿಂತೆಗೆ ಬಿದ್ದರು. ಮಕ್ಕಳ ಕೈಗೆ ಕೊಡಲೆಂದೇ ನಮ್ಮನ್ನು ಹುಟ್ಟಿಸಿದರು. ಹಿರಿಯಣ್ಣ ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ಕ್ಕೆ, ಬೆಲೆ 35 ಡಾಲರ್. ಹುಟ್ಟುಹಬ್ಬದ ಖರ್ಚೂ ನಾಲ್ಕು ವರ್ಷಕ್ಕೊಮ್ಮೆ ಮಾತ್ರ. ನಾನು 2019ರ ತಲೆಮಾರು.

ಅಂದರೆ ಬಡವರ ಕಂಪ್ಯೂಟರ್?

ಅಗ್ಗ ನಾನು, ನನ್ನ ಪರಿವಾರವಲ್ಲ. ಯಜಮಾನರು ರಜೆಯ ದಿನ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್‌ರೋಡಿನಲ್ಲಿಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದರು. ನನ್ನ ಜೊತೆ ಎಸ್‌ಡಿ ಕಾರ್ಡು, ಮೈಕ್ರೋ ಎಚ್‌ಡಿಎಂಐ ಕೇಬಲ್ಲು, ಫ್ಯಾನು, ಪುಟ್ಟ ಪರದೆ ಎಲ್ಲ ಬಂದವು. ವರದಕ್ಷಿಣೆ ಬೇಡವೆಂದ ವರನ ಕಡೆಯಿಂದ ಇನ್ನೂರು ಜನರ ದಿಬ್ಬಣ ಬಂದ ಹಾಗಾಯಿತು. ಚಾರ್ಜರೊಂದರಲ್ಲಿ ಮಾತ್ರ ಉಳಿತಾಯ ಮಾಡಿದರು. ಮೊಬೈಲಿನದ್ದನ್ನೇ ಚುಚ್ಚಿದರು. ನನಗೆ ಬೇಕಾದದ್ದು 3 ಆಂಪಿಯರ್. ಪರದೆಯ ಮೂಲೆಯಲ್ಲಿ ಹಳದಿ ಮಿಂಚು ತೋರಿಸಿ ಹಸಿವೆಂದು ಕೂಗಿದೆ. ಅದು ಡಿಸೈನ್ ಎಂದುಕೊಂಡರು.

ತಂದದ್ದು ಯಾವ ಕೆಲಸಕ್ಕೆ?

ಅವರಿಗೆ ನವಿ ಮುಂಬಯಿಯ ಮಹಾಪೆಯಲ್ಲಿ ನೌಕರಿ. ಠಾಣೆಯವರೆಗೆ ಒಂದು ಗಾಡಿ, ಅಲ್ಲಿಂದ ಘನ್ಸೋಲಿಗೆ ಇನ್ನೊಂದು, ಆಮೇಲೆ ರಿಕ್ಷಾ. ಯಾವ ಲೋಕಲ್‌ಗೆ ಯಾವಾಗ ಮನೆ ಬಿಡಬೇಕೆಂದು ಬಾಗಿಲ ಬಳಿ ನಾನು ಹೇಳಬೇಕಂತೆ. ಹೊತ್ತೇ ಗೊತ್ತಿಲ್ಲದವನಿಗೆ ಟೈಮ್‌ಟೇಬಲ್ ಒಪ್ಪಿಸಿದರು! ಕೊನೆಗೆ ನನ್ನಿಂದಾದದ್ದು ಒಂದು ಎಲ್‌ಇಡಿ ದೀಪ ಮಿಣುಕಿಸಿದ್ದು. ಅದನ್ನೇ ವಿಡಿಯೋ ಮಾಡಿ ಕಲ್ಯಾಣದ ಭಾವನಿಗೆ ಕಳಿಸಿದರು. ಭಾವನ ಡ್ರಾಯರಿನಲ್ಲೂ ನಮ್ಮವನೊಬ್ಬ ಇದ್ದಾನೆ.

ನಿಮ್ಮೊಳಗಿನ ಲಿನಕ್ಸ್ ಮನೆಯವರಿಗೆ ಕಷ್ಟವಾಯಿತೇ?

ಮನೆಯ ಅಜ್ಜಿಗೆ ಆಗಲಿಲ್ಲ. ಉಡುಪಿಯ ಸುದ್ದಿ ಓದಬೇಕೆಂದರು. ಮೊದಲು ಬರೀ ಚೌಕಗಳು ಕಂಡವು. 'ಗುಬ್ಬಿ', 'ನವಿಲು' ಎಂಬ ಉಚಿತ ಫಾಂಟುಗಳನ್ನು ಇಳಿಸಿದೊಡನೆ ಕನ್ನಡ ಮೂಡಿತು. ಒಂದು ಸಾಲಿನ ಕೆಲಸ, ದುಡ್ಡೂ ಇಲ್ಲ. ನನ್ನ ಸೇವಾವಧಿಯಲ್ಲಿ ಪೂರ್ತಿಯಾದ ಯೋಜನೆ ಅದೊಂದೇ. ಆದರೆ ಅದು ಪ್ರಾಜೆಕ್ಟ್ ಅಲ್ಲವೆಂದು ಯಜಮಾನರು ಲೆಕ್ಕಕ್ಕೆ ಹಿಡಿಯಲಿಲ್ಲ.

ಕರ್ನಾಟಕದಲ್ಲಿ ಬಂಧುಗಳಿದ್ದಾರೆಯೇ?

ಸಿಂಪ್ಯೂಟರ್ ದೊಡ್ಡಪ್ಪ ಇದ್ದರು. ಬೆಂಗಳೂರಿನ ಐಐಎಸ್‌ಸಿಯ ವಿಜ್ಞಾನಿಗಳೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್. ಹೊಟ್ಟೆಯಲ್ಲಿ ಲಿನಕ್ಸೇ. ಓದು ಬಾರದ ಹಳ್ಳಿಯವರಿಗೂ ನಮ್ಮ ಭಾಷೆಯಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಊರಿನವರೆಲ್ಲ ತಂತಮ್ಮ ಸ್ಮಾರ್ಟ್‌ಕಾರ್ಡ್ ಹಾಕಿ ಬಳಸಬೇಕು ಎಂಬ ಆಸೆ. 2004ರಲ್ಲಿ ಬಿಇಎಲ್ 'ಅಮಿಡಾ' ಹೆಸರಿನಲ್ಲಿ ತಯಾರಿಸಿತು. ಹೊಗಳಿಕೆ ಜಗತ್ತಿನ ತುಂಬ ಬಂತು, ಮಾರಾಟವಾದದ್ದು ಕೆಲವೇ ಸಾವಿರ. ದೊಡ್ಡಪ್ಪ ರೈತನನ್ನು ಹುಡುಕಿಕೊಂಡು ಹೊರಟವರು, ನಾನು ಮಗುವನ್ನು. ಇಬ್ಬರಿಗೂ ದಾರಿಯಲ್ಲಿ ಎಂಜಿನಿಯರುಗಳೇ ಸಿಕ್ಕಿದರು.

ಈ ಮನೆಯಲ್ಲಿ ಮಕ್ಕಳಿಲ್ಲವೇ?

ಏಳನೆಯ ಕ್ಲಾಸಿನ ಹುಡುಗಿ ಇದ್ದಾಳೆ. ಒಮ್ಮೆ ಬಂದು, 'ಪಪ್ಪಾ, ಈ ನಲವತ್ತು ಪಿನ್ನು ಯಾಕೆ?' ಎಂದು ಕೇಳಿದಳು. 'ಮುಟ್ಟಬೇಡ, ಹಾಳಾಗುತ್ತೆ. ನಿನ್ನ ಕೋಡಿಂಗ್ ಕ್ಲಾಸಿಗೆ ಲೇಟಾಯ್ತು, ಹೊರಡು' ಎಂದರು. ಕ್ಲಾಸಿನ ಫೀಸಿನಲ್ಲಿ ನನ್ನಂಥವರು ನಾಲ್ವರು ಬರುತ್ತಿದ್ದರು. ಎಸ್‌ಡಿ ಕಾರ್ಡನ್ನು ಅಳಿಸಿ ಹೊಸದಾಗಿ ಬರೆದರೆ ನಾನು ಮತ್ತೆ ಹಸುಗೂಸು. ಹಾಳು ಮಾಡಿ ಕಲಿಯಲಿ ಎಂದೇ ಅಲ್ಲವೇ ನಮ್ಮನ್ನು ಇಷ್ಟು ಅಗ್ಗಕ್ಕೆ ಮಾಡಿದ್ದು?

ಯಜಮಾನರ ಮೇಲೆ ಸಿಟ್ಟೇ?

ಇಲ್ಲ. ರಾತ್ರಿ ಒಂಬತ್ತಕ್ಕೆ ಬೆವರಿನಲ್ಲಿ ತೊಯ್ದು ಬರುವ ಮನುಷ್ಯ. ನನ್ನಲ್ಲಿ 4 ಜಿಬಿ ಮೆಮೊರಿ ಖಾಲಿ ಇದೆ, ಅವರ ದಿನದಲ್ಲಿ ಅರ್ಧ ಗಂಟೆಯೂ ಖಾಲಿ ಇಲ್ಲ. ಅವರು ಕೊಂಡದ್ದು ನನ್ನನ್ನಲ್ಲ, ಬಿಡುವಿದೆ ಎಂಬ ನಂಬಿಕೆಯನ್ನು.

ಮುಂದೇನು?

ಪೈ 5ಕ್ಕೆ ಆರ್ಡರ್ ಹಾಕಿದ ಸುದ್ದಿ ಡ್ರಾಯರಿನ ಸಂದಿಯಿಂದ ಕೇಳಿಸಿತು. ನನ್ನ ವೇಗ ಸಾಲದಂತೆ. ಅವನಿಗೆ 5 ಆಂಪಿಯರ್ ಬೇಕು, ಬರಲಿ, ಮಿಂಚು ತೋರಿಸಲಿ. ನೀವು ಆ ಹುಡುಗಿಗೊಂದು ಮಾತು ತಿಳಿಸಿ. ಹೊಸಬ ಬಂದ ದಿನ ಪಪ್ಪನ ಕಣ್ಣು ನನ್ನ ಮೇಲಿರುವುದಿಲ್ಲ.