ಸೋತರೆ ಟಿವಿ ಉಂಟಲ್ಲ!

ಸತ್ಯ ಹೇಳಿ ಮಾರಾಯ್ರೆ, ಕುಮಟಾದ ಚಾ ಅಂಗಡಿಯಲ್ಲಿ ಕೂತು ‘ಈ ರಾಜಕಾರಣಿಗಳ ಮುಖ ಕಂಡ್ರೆ ಆಗೂದಿಲ್ಲ’ ಎಂದವರು ನೀವೇ ಅಲ್ವಾ? ಮತ್ತೆ ರಾತ್ರಿ ‘ಕಾಮಿಡಿ ಕಿಲಾಡಿಗಳು’ ಶುರುವಾಗಿ, ತೀರ್ಪುಗಾರರ ಕುರ್ಚಿಯಲ್ಲಿ ಜಗ್ಗೇಶ್ ನಗುವ ಮೊದಲೇ ನಕ್ಕವರು ಯಾರು? (ನಿಮ್ಮ ಮನೆಯವರು ಹೇಳಿದ್ದು, ನಾನಲ್ಲ.)

ಇದೇ ಜಗ್ಗೇಶ್ 2008ರಲ್ಲಿ ತುರುವೇಕೆರೆಯಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ಅದೇ ವರ್ಷ ಬಿಜೆಪಿ ಸೇರಿದರು. 2022ರಲ್ಲಿ ರಾಜ್ಯಸಭೆಗೂ ಹೋದರು. ನಿಮಗೆ ನೆನಪಿರೂದು ಯಾವುದು? ನಗು ಮಾತ್ರ.

ನಮ್ಮ ಶಿರಾಲಿಯಲ್ಲಿ ಓದಿದ ಅನಂತನಾಗ್ 1994ರಲ್ಲಿ ಮಲ್ಲೇಶ್ವರದ ಶಾಸಕ, ಮುಖ್ಯಮಂತ್ರಿ ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿ. ಟಿವಿಯಲ್ಲಿ ಕಂಡ ಕೂಡಲೇ ‘ಮಂತ್ರಿಗಳು ಬಂದ್ರು’ ಅಂತೀರಾ? ಇಲ್ಲ. ‘ಗಣೇಶನ ಮದುವೆ ಹಾಕ್ರೋ’ ಅಂತೀರಿ.

ಇಂಗ್ಲೆಂಡಿನಲ್ಲಿ ಮೈಕೆಲ್ ಪೋರ್ಟಿಲೋ ಅಂತ ಒಬ್ಬರು. ರಕ್ಷಣಾ ಮಂತ್ರಿಯಾಗಿದ್ದಾಗಲೇ 1997ರಲ್ಲಿ ಸ್ವಂತ ಕ್ಷೇತ್ರದಲ್ಲಿ ಮಗುಚಿ ಬಿದ್ದರು. ಜನ ಚಪ್ಪಾಳೆ ತಟ್ಟಿದರಂತೆ. 2010ರಿಂದ ಅದೇ ಜನ ಅದೇ ಮನುಷ್ಯನನ್ನು ಬಿಬಿಸಿಯಲ್ಲಿ ಕಣ್ಣು ಮಿಟುಕಿಸದೆ ನೋಡ್ತಾರೆ. ಗುಲಾಬಿ ಪ್ಯಾಂಟು, ಹಳದಿ ಕೋಟು, ಕೈಯಲ್ಲಿ ಹಳೇ ಬ್ರಾಡ್‌ಷಾ ರೈಲು ಗೈಡು. ರೈಲು ಹತ್ತೂದು, ಊರು ತೋರ್ಸೂದು, ಅಷ್ಟೇ ಕೆಲಸ! 2018ರಲ್ಲಿ ನಮ್ಮ ದೇಶದ ರೈಲನ್ನೂ ಹತ್ತಿದರು. ಓಟು ಕೇಳೂದಿಲ್ಲ ನೋಡಿ, ಅದಕ್ಕೇ ಚಂದ ಕಾಣ್ತಾರೆ.

ನಗಬೇಡಿ. ಮೊನ್ನೆ ಕುಮಟಾದಲ್ಲಿ ಅಳ್ವೆಕೋಡಿ ಈರುಳ್ಳಿ ಗೊಂಚಲು ಹಿಡಿದು ಪ್ಯಾಸೆಂಜರ್ ಹತ್ತಿದ್ದು ನೀವಲ್ಲವೇ? ಹೊನ್ನಾವರದಲ್ಲಿ ರೈಲು ಶರಾವತಿ ಸೇತುವೆಗೆ ಬಂದದ್ದೇ ತಡ, ಮೊಬೈಲು ಮುಖದ ಮುಂದೆ! ‘ಹಾಯ್ ಫ್ರೆಂಡ್ಸ್, ಇದು ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ...’ (ಎರಡು ಕಿಲೋಮೀಟರು ಅನ್ನೂದನ್ನು ನೀವು ಐದು ಮಾಡಿದಿರಿ. ನಾನು ಹಿಂದಿನ ಸೀಟಿನಲ್ಲಿದ್ದೆ.) ಪಕ್ಕದ ಅಜ್ಜಿ ಭಟ್ಕಳ ಮಲ್ಲಿಗೆ ಕಟ್ಟೂದು ನಿಲ್ಲಿಸಿ ನಿಮ್ಮನ್ನೇ ನೋಡಿದರು. ‘ಪಂಚಾಯ್ತಿಗೆ ನಿಂತಿದಿರ್‍ಯಾ ಮಗಾ?’ ಅಂತ ಕೇಳಿಯೂ ಬಿಟ್ಟರು.

ನೀವು ಕೇಳಿಸಲಿಲ್ಲ ಅನ್ನೋ ಹಾಗೆ ಕ್ಯಾಮೆರಾ ಕಿಟಕಿ ಕಡೆ ತಿರುಗಿಸಿದಿರಿ. ಮುರ್ಡೇಶ್ವರ ಹೋಯ್ತು, ಭಟ್ಕಳ ಬಂತು, ‘ಲೈಕ್ ಮಾಡಿ, ಶೇರ್ ಮಾಡಿ’ ಮುಗೀಲಿಲ್ಲ. ಕಡೆಗೆ ಓಡಿ ಇಳಿದಿರಿ.

ಈರುಳ್ಳಿ ನನ್ನ ಹತ್ರ ಉಂಟು. ಅರ್ಧ ಖರ್ಚಾಗಿದೆ.