ಚೊಕ್ಕಟ ಖಾತೆ

(ನಗರಸಭೆಯ ಲೆಕ್ಕಶಾಖೆ. ಗುಮಾಸ್ತರ ಮುಂದೆ ಗುತ್ತಿಗೆ ಪೌರಕಾರ್ಮಿಕ ಮುನಿಯಪ್ಪ. ಮೊನ್ನೆಯಷ್ಟೇ 60 ತುಂಬಿದೆ.)

ಮುನಿಯಪ್ಪ: ಸ್ವಾಮಿ, ಪಿಎಫ್ ಅಂತ ತಿಂಗಳು ತಿಂಗಳೂ ಸಂಬಳದಲ್ಲಿ ನೂರಕ್ಕೆ 12 ಹಿಡಿದ್ರಲ್ಲ, ಅದೆಲ್ಲಿ?

ಗುಮಾಸ್ತ: ಹಿಡಿದದ್ದು ನಿಜ ಕಣಯ್ಯ. ಹಿಡಿದದ್ದನ್ನ ಬಿಡೋ ಅಭ್ಯಾಸ ಇಲ್ಲಿಲ್ಲ.

ಮುನಿಯಪ್ಪ: ಕೆಲಸ ಕೊಟ್ಟೋರ ಕಡೆಯಿಂದ್ಲೂ 12 ಹಾಕ್ಬೇಕಂತೆ?

ಗುಮಾಸ್ತ: ಹಾಕಿದ್ದೀವಲ್ಲ, ಕಡತಕ್ಕೆ ಸಹಿ!

ಮುನಿಯಪ್ಪ: ಪಿಎಫ್ ಆಫೀಸ್ನೋರು ಖಾತೆ ಖಾಲಿ ಅಂದ್ರು.

ಗುಮಾಸ್ತ: ಎಷ್ಟು ಚೊಕ್ಕಟ ನೋಡು! ಕಸ ಗುಡಿಸೋನ ಖಾತೆ ಹಾಗೇ ಇರ್ಬೇಕು.

ಮುನಿಯಪ್ಪ: ಅದನ್ನ ಗುಡಿಸಿದ್ದು ನಾನಲ್ಲ ಸ್ವಾಮಿ.

ಗುಮಾಸ್ತ: ಗುತ್ತಿಗೆದಾರನ್ನ ಕೇಳು.

ಮುನಿಯಪ್ಪ: ಕೇಳ್ದೆ. ನಗರಸಭೆ ಬಿಲ್ ಪಾಸ್ ಮಾಡ್ಲಿ, ಕಟ್ತೀನಿ ಅಂದ.

ಗುಮಾಸ್ತ: ಪಿಎಫ್ ಕಟ್ಟಿದ ರಸೀದಿ ತರ್ಲಿ, ಪಾಸ್ ಮಾಡ್ತೀವಿ.

ಮುನಿಯಪ್ಪ: ಕಟ್ಟೋಕೆ ದುಡ್ಡು?

ಗುಮಾಸ್ತ: ಬಿಲ್ ಪಾಸಾದ್ರೆ ಬರುತ್ತೆ.

ಮುನಿಯಪ್ಪ: ನಿಮ್ಗೇನು ಬಿಡಿ, ಪಿಂಚಣಿ ಗಟ್ಟಿ.

ಗುಮಾಸ್ತ: ಎಲ್ಲಿಯ ಗಟ್ಟಿ! 2006ರ ಏಪ್ರಿಲ್ ಆದ್ಮೇಲೆ ಸೇರ್ದೋನು ನಾನು, ಎನ್‌ಪಿಎಸ್. ನೂರಕ್ಕೆ 10 ಹಿಡಿದು ಮಾರ್ಕೆಟ್ಟಿಗೆ ಹಾಕ್ತಾರೆ.

ಮುನಿಯಪ್ಪ: ಮಾರ್ಕೆಟ್ಟಿಗಾ? ಬೇಗ ಎತ್ತಿಸ್ಕೊಳ್ಳಿ ಸ್ವಾಮಿ. ಸಂಜೆಗೆ ಅಲ್ಲಿ ಉಳಿದದ್ದನ್ನೆಲ್ಲ ಗುಡಿಸಿ ಲಾರಿಗೆ ತುಂಬ್ತಿದ್ದೋನು ನಾನೇ!